ಮಗ್ಗ ನಿಲ್ಲಿಸಿ ಕೇಳಿದ ಪ್ರಶ್ನೆ

ಹದಿನೇಳನೆಯ ಪ್ರಶ್ನೆಗೂ ಸಿದ್ದರಾಜು ಅದೇ ಉತ್ತರ ಕೊಟ್ಟ.

"ನಿಮಗೆ ಯಾವ್ದು ಸರಿ ಕಾಣುತ್ತೋ ಅದು ಹಾಕ್ಕೊಳಿ ಸರ್."

"ನನಗೆ ಕಾಣೋದಲ್ಲ ಸಿದ್ದರಾಜು. ನಿಮಗೆ ಅನ್ಸಿದ್ದು ಹೇಳ್ಬೇಕು." ನಂದಕುಮಾರ್ ಹಾಳೆಯನ್ನು ಮೊಣಕಾಲಿನ ಮೇಲೆ ಸರಿಪಡಿಸಿಕೊಂಡು ಇನ್ನೊಮ್ಮೆ ಓದಿದ. "ನನ್ನ ಮಗು ಅತ್ತಾಗ ನನಗೂ ಅಳು ಬರುತ್ತದೆ. ಎಂದೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ಆಗಾಗ, ಯಾವಾಗಲೂ."

"ಮಧ್ಯದ್ದು."

"ಎಲ್ಲಕ್ಕೂ ಮಧ್ಯದ್ದೇ ಹೇಳ್ತಿದ್ದೀರಿ."

"ಮಧ್ಯದಲ್ಲಿದ್ರೆ ಯಾರಿಗೂ ತೊಂದ್ರೆ ಇಲ್ವಲ್ಲ ಸರ್."

ನಾಲ್ಕು ಮಗ್ಗಗಳೂ ನಿಂತಿದ್ದವು. ನಿಲ್ಲಿಸಿದ್ದು ನಂದಕುಮಾರನ ಕೋರಿಕೆಯ ಮೇಲೆ. ಹೊಸ್ತಿಲ ಮೇಲೆ ಕೂತಿದ್ದ ಶೆಡ್ಡಿನ ಮಾಲೀಕ ಮುನಿವೆಂಕಟಪ್ಪ ಮೂರನೇ ಸಲ ಗೋಡೆ ಗಡಿಯಾರ ನೋಡಿದ.

"ಕರೆಂಟ್ ಇರೋ ಹೊತ್ತಲ್ಲಿ ಮಗ್ಗ ನಿಲ್ಸಿ ಕೂತಿದೀವಿ. ಇನ್ನೂ ಎಷ್ಟು ಪ್ರಶ್ನೆ ಐತೆ ಸ್ವಾಮಿ?"

"ಇಪ್ಪತ್ಮೂರು."

"ನಾನು ಎಸ್ಸೆಲ್ಸಿಲಿ ಇಷ್ಟು ಪ್ರಶ್ನೆ ಮುಟ್ಟಿದ್ರೆ ಪಾಸಾಗಿರ್ತಿದ್ದೆ."

ಸಿದ್ದರಾಜು ನಕ್ಕ. ನಂದಕುಮಾರ್ ನಗಲಿಲ್ಲ. ಈ ನಲವತ್ತು ವಾಕ್ಯಗಳನ್ನು ಕನ್ನಡಕ್ಕೆ ತಂದವನು ಅವನೇ; ಎಂಟು ತಿಂಗಳು ಹಿಡಿದಿತ್ತು. ತಂದೆಯೊಬ್ಬ ಮಗುವಿಗೆ ಮನಸ್ಸಿನಿಂದ ಎಷ್ಟು ದಕ್ಕುತ್ತಾನೆ ಎಂಬುದನ್ನು ಅಳೆಯುವ ಪಟ್ಟಿ. ಹೊರದೇಶಗಳಲ್ಲಿ ಸಾವಿರಾರು ಗಂಡಸರು ಇದಕ್ಕೆ ಉತ್ತರಿಸಿದ್ದರು. ದೊಡ್ಡಬಳ್ಳಾಪುರದಲ್ಲಿ ಅದು ಮಧ್ಯದ ಖಾನೆಯನ್ನು ದಾಟುತ್ತಿರಲಿಲ್ಲ.

ಕೇಸು ಸರಳವಾಗಿತ್ತು. ಸಿದ್ದರಾಜುವಿನ ಹೆಂಡತಿ ಸ್ನೇಹ ಒಂದು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ನೆಲಮಂಗಲದ ತವರಿಗೆ ಹೋಗಿದ್ದಳು. ಮಗಳು ಹರ್ಷಿತಳಿಗೆ ಏಳು ವರ್ಷ. ಶನಿವಾರ, ಭಾನುವಾರ ಮಗು ನನ್ನ ಹತ್ತಿರ ಇರಲಿ ಎಂದು ಇವನು ಕೋರ್ಟಿಗೆ ಹೋಗಿದ್ದ. ಕೋರ್ಟು ಕುಟುಂಬ ಸಲಹಾ ಕೇಂದ್ರದ ವರದಿ ಕೇಳಿತ್ತು. ಇವತ್ತು ಸಂಜೆ ಐದರೊಳಗೆ ಕೇಂದ್ರದ ಆಪ್ತಸಲಹೆಗಾರ ನಂದಕುಮಾರ್ ಅದನ್ನು ಬರೆದು ಕೊಡಬೇಕಿತ್ತು. ಸ್ನೇಹ ಹೇಳಿಕೆಯಲ್ಲಿ ಹೇಳಿದ್ದಳು: "ಮನೇಲಿ ಮಾತೇ ಆಡಲ್ಲ. ಆಡಿದ್ರೆ ಕಿರುಚ್ತಾರೆ. ಮಗು ಜೊತೆ ಕೂತು ನಾಲ್ಕು ಮಾತಾಡಿದ್ದು ನಾನು ನೋಡಿಲ್ಲ."

ಕಿರುಚುವುದು ನಿಜ. ಹದಿನೆಂಟು ವರ್ಷ ಮಗ್ಗದ ಮುಂದೆ ನಿಂತವನ ಕಿವಿಗೆ ತನ್ನ ದನಿಯೇ ಸರಿಯಾಗಿ ಕೇಳುವುದಿಲ್ಲ. ನಂದಕುಮಾರನಿಗೆ ಅದು ಗೊತ್ತಿತ್ತು. ಆದರೆ ಕೇಂದ್ರದಲ್ಲಿ ನಡೆದ ಎರಡು ಭೇಟಿಗಳಲ್ಲಿ ಸಿದ್ದರಾಜು ಕಿರುಚಲಿಲ್ಲ, ಮಾತಾಡಲೂ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ಹಂಗೇನಿಲ್ಲ ಸರ್" ಎಂದ. ಮೂರನೇ ಭೇಟಿಗೆ ನೀವೇ ಶೆಡ್ಡಿಗೆ ಬನ್ನಿ ಎಂದ.

"ಸರ್," ಸಿದ್ದರಾಜು ಎದ್ದು ನಿಂತ. "ಮಗ್ಗ ಹಾಕ್ಲಾ? ಹಾಕ್ಕೊಂಡೇ ಹೇಳ್ತೀನಿ."

"ಸದ್ದಲ್ಲಿ ಹೇಗೆ?"

"ಸದ್ದಿದ್ರೇನೇ ಆಗೋದು."

ನಂದಕುಮಾರ್ ಫೋನಿನ ರೆಕಾರ್ಡರ್ ಒತ್ತಿ, ನೂಲು ಸುತ್ತಿದ ಕಂಡಿಕೆಗಳ ಡಬ್ಬದ ಮೇಲಿಟ್ಟ. ಗಂಡಸರು ಎದುರುಬದುರು ಕೂತು ಮನಸ್ಸು ಬಿಚ್ಚುವುದಿಲ್ಲ, ಪಕ್ಕಪಕ್ಕ ನಿಂತು ಕೈಕೆಲಸ ಮಾಡುತ್ತಾ ಬಿಚ್ಚುತ್ತಾರೆ ಎಂದು ಹೋದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಅವನೇ ಪ್ರಬಂಧ ಓದಿದ್ದ. ಚಪ್ಪಾಳೆ ಬಿದ್ದಿತ್ತು.

ಮಗ್ಗ ಶುರುವಾಯಿತು. ನೆಲ ನಡುಗಿತು. ಮುನಿವೆಂಕಟಪ್ಪ ಸಮಾಧಾನದಿಂದ ಕಾಲು ಚಾಚಿದ. ಸಿದ್ದರಾಜು ಹಾಸಿನ ಎಳೆಗಳ ಮೇಲೆ ಕಣ್ಣಿಟ್ಟು, ಮುಖವನ್ನು ಮಾತ್ರ ಅರ್ಧ ಇತ್ತ ತಿರುಗಿಸಿ, ಬಾಯಿ ಆಡಿಸತೊಡಗಿದ. ದನಿ ಇರಲಿಲ್ಲ. ಶೆಡ್ಡಿನಲ್ಲಿ ಯಾರೂ ದನಿಯನ್ನು ದಂಡ ಮಾಡುವುದಿಲ್ಲ. ತುಟಿಯನ್ನು ನಿಧಾನವಾಗಿ, ಅಗಲವಾಗಿ ಆಡಿಸುತ್ತಾರೆ, ನೋಡುವವನು ನೋಡುತ್ತಾನೆ.

ನಂದಕುಮಾರ್ ನೋಡಿದ. ತಿಳಿಯಬಾರದು ಎಂದುಕೊಳ್ಳುವ ಮೊದಲೇ ಎಲ್ಲ ತಿಳಿಯುತ್ತಿತ್ತು.

"ಘಾಟಿ ದೇವಸ್ಥಾನದಲ್ಲಿ ಮಗಳ ಮುಡಿ ತೆಗೆಸ್ದಾಗ ಅತ್ಲು ಸರ್. ನಾನು ತೆಂಗಿನಕಾಯಿ ಅಂಗಡಿ ಹಿಂದಕ್ಕೆ ಹೋಗಿ ನಿಂತ್ಕೊಂಡೆ. ಯಾರೂ ನೋಡ್ಬಾರ್ದು ಅಂತ. ಅದಕ್ಕೆ ನಿಮ್ಮ ಹಾಳೇಲಿ ಏನು ಹಾಕ್ತೀರಿ?"

ಸಿದ್ದರಾಜುವಿನ ಕೈ ಒಂದು ಎಳೆಯನ್ನು ಸವರಿ ಮುಂದಕ್ಕೆ ಹೋಯಿತು.

"ಹುಟ್ಟಿದಾಗ ಎತ್ಕೊಳಕ್ಕೆ ಭಯ. ಬೆರಳು ನೋಡಿ, ರೇಷ್ಮೆ ಮುಟ್ಟಿದ್ರೆ ಎಳೆ ಕಿತ್ಕೊಂಡ್ಬರುತ್ತೆ. ಆಮೇಲೆ ಇಲ್ಲೇ ಬಂದು ನಿಂತ್ಕೊಳೋಳು, ಈ ಡಬ್ಬದ ಪಕ್ಕ. ನಾಲ್ಕು ವರ್ಷಕ್ಕೇ ಬಾಯಿ ನೋಡಿ ತಿಳ್ಕೊಳೋದು ಕಲ್ತ್‌ಬಿಟ್ಲು. ಸ್ಕೂಲಲ್ಲಿ ಯಾರು ಹೊಡುದ್ರು, ಯಾರು ಪೆನ್ಸಿಲ್ ಕಿತ್ಕೊಂಡ್ರು, ಎಲ್ಲ ಹೇಳೋಳು. ನೀನಿಲ್ದೆ ನಂಗೇನೈತವ್ವ ಅಂತ ನಾನೂ ಹೇಳ್ತಿದ್ದೆ. ಅವ್ಳಮ್ಮ ಬಾಗಿಲಲ್ಲಿ ನಿಂತು ನೋಡೋಳು, ಅವ್ಳಿಗೆ ಏನೂ ಕೇಳ್ತಿರ್ಲಿಲ್ಲ. ಅವ್ಳು ಮಗ್ಗದ ಮನೆಯೋಳಲ್ಲ. ಸದ್ದು ನಿಂತ್ರೆ ನಮ್ಮಿಬ್ರಿಗೂ ಮಾತು ಬರ್ತಿರ್ಲಿಲ್ಲ. ತಟ್ಟೆ ಎಸ್ದಿದೀನಿ ಸರ್ ಒಂದ್ಸಲ. ಅದೂ ನಿಜ. ಅದನ್ನೂ ಬರ್ಕೊಳಿ."

ನಂದಕುಮಾರನ ಪೆನ್ನು ಹಾಳೆಯ ಮೇಲೆ ನಿಂತಿತ್ತು. ಬರೆಯಬೇಕಾದದ್ದು ಇದೇ. ಇಡೀ ವರದಿ ಇದೇ. ಈ ಎರಡು ನಿಮಿಷದಲ್ಲಿ ಆ ಮಗುವಿನ ಶನಿವಾರ, ಭಾನುವಾರಗಳು ಕೂತಿದ್ದವು.

ಆಗ ಸಿದ್ದರಾಜು ಅವನ ಕಡೆ ಪೂರ್ತಿ ತಿರುಗಿದ.

"ನಿಮಗೆ ತಿಳಿಯುತ್ತೆ ಅಂತಲೇ ಕರೆಸಿದ್ದು ಸರ್. ಹನುಮಂತಯ್ಯನೋರ ಮಗ ಅಲ್ವಾ? ನಮ್ಮಣ್ಣ ನಿಮ್ಮಪ್ಪಾರ ಹತ್ರ ಕೆಲ್ಸಕ್ಕಿದ್ದ. ಮಗ್ಗದ ಮುಂದೆ ನಿಂತ್ರೆ ಅವ್ರಿಗೆ ನಿಮ್ದೇ ಮಾತಂತೆ. ಹೇಳ್ತಾನೇ ಇರ್ತೀನಿ, ಅವ್ನು ಪುಸ್ತಕದಿಂದ ತಲೆ ಎತ್ತಲ್ಲ ಅಂತಿದ್ರಂತೆ."

ನಂದಕುಮಾರ್ ಹಾಳೆಯ ಕಡೆ ತಲೆ ಬಗ್ಗಿಸಿದ.

ಹನುಮಂತಯ್ಯ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸತ್ತ ಮೇಲೆ ಅವನು ಮಗನಿಗೆ ಬಹಳ ಉಪಯೋಗಕ್ಕೆ ಬಂದಿದ್ದ. "ನಮ್ಮಪ್ಪ ಇಡೀ ಜೀವಮಾನದಲ್ಲಿ ನನ್ನ ಜೊತೆ ಐವತ್ತು ವಾಕ್ಯ ಆಡಿಲ್ಲ." ಪ್ರತಿ ಉಪನ್ಯಾಸವನ್ನೂ ನಂದಕುಮಾರ್ ಹೀಗೇ ಶುರುಮಾಡುತ್ತಿದ್ದ. ಸಭೆ ನಿಟ್ಟುಸಿರಿಡುತ್ತಿತ್ತು. ಪಿಎಚ್‌ಡಿಯ ಮೊದಲ ಪುಟ ಆ ಮೌನಕ್ಕೇ ಅರ್ಪಣೆಯಾಗಿತ್ತು. ಗಂಡಸರ ಗುಂಪು ಚಿಕಿತ್ಸೆಗೆ ಬಂದವರು ಆ ಒಂದು ವಾಕ್ಯ ಕೇಳಿ ತಮ್ಮ ತಮ್ಮ ಅಪ್ಪಂದಿರ ಮೇಲಿನ ಸಿಟ್ಟನ್ನು ಹೊರಗೆ ತೆಗೆಯುತ್ತಿದ್ದರು.

ಈಗ ಅವನಿಗೆ ಕಂಡದ್ದು ಬೇರೆ. ಹತ್ತನೇ ಕ್ಲಾಸಿನ ಪುಸ್ತಕ, ಶೆಡ್ಡಿನ ಮೆಟ್ಟಿಲು, ಕಣ್ಣಂಚಿನಲ್ಲಿ ಅಪ್ಪನ ಬಾಯಿ. ಅದು ಆಡುತ್ತಿತ್ತು. ದಿನವೂ ಆಡುತ್ತಿತ್ತು. ಊಟಕ್ಕೆ ಏಳು ಎಂದಲ್ಲ, ಲೈಟು ಆರಿಸು ಎಂದಲ್ಲ. ಅಂಥವನ್ನು ಹೇಳುವಾಗ ಅಪ್ಪ ಕೈ ಮಾಡುತ್ತಿದ್ದ. ಹುಡುಗ ಗೋಡೆಯ ಕಡೆ ತಿರುಗಿ ಕೂತಿದ್ದ. ಮಗ್ಗದ ಸದ್ದಿನಲ್ಲಿ ಒಬ್ಬನ ಮಾತನ್ನು ಕೇಳದಿರಲು ಕಿವಿ ಮುಚ್ಚಬೇಕಾಗಿಲ್ಲ. ಮುಖ ತಿರುಗಿಸಿದರೆ ಸಾಕು. ಆಮೇಲೆ ಅದನ್ನು ಅಪ್ಪನ ಮೌನ ಎಂದು ಕರೆಯಬಹುದು.

ಎಳೆಯೊಂದು ಹರಿದು ಸಿದ್ದರಾಜು ಮಗ್ಗ ನಿಲ್ಲಿಸಿದ. ಜಾರದಿರಲೆಂದು ಬೂದಿ ಮುಟ್ಟಿಕೊಂಡು ಎರಡು ತುದಿಗಳನ್ನು ಬೆರಳ ನಡುವೆ ಹೊಸೆದ. ಸದ್ದು ಹೋದ ಜಾಗದಲ್ಲಿ ಬೀದಿಯ ತರಕಾರಿ ಗಾಡಿಯವನ ಕೂಗು ಬಂತು.

"ತಿಳೀತಾ ಸರ್?" ಈ ಸಲ ಸಿದ್ದರಾಜುವಿಗೆ ದನಿಯಿತ್ತು, ಬೇಕಾದ್ದಕ್ಕಿಂತ ಜೋರಾಗಿ.

"ಏನು?"

"ಈಗ ಹೇಳಿದ್ದು."

"ಸದ್ದಲ್ಲಿ ಏನೂ ಕೇಳಿಸಲಿಲ್ಲ," ನಂದಕುಮಾರ್ ಹೇಳಿದ. "ಈಗ ಹೇಳಿ."

ಸಿದ್ದರಾಜು ಅವನ ಮುಖ ನೋಡಿದ. ಹರಿದ ಎಳೆ ಎಲ್ಲಿದೆಯೆಂದು ಹುಡುಕುವವನ ಹಾಗೆ, ಅವಸರವಿಲ್ಲದೆ ನೋಡಿದ.

"ಏನಿಲ್ಲ ಬಿಡಿ ಸರ್."

"ಏನೋ ಹೇಳಿದ್ರಲ್ಲ."

"ಹಂಗೇನಿಲ್ಲ. ಮಧ್ಯದ್ದು ಹಾಕ್ಕೊಳಿ."

ಹೊಸ್ತಿಲಿನಿಂದ ಮುನಿವೆಂಕಟಪ್ಪ ಅಂದ, "ಏನಪ್ಪಾ, ಹನುಮಂತಯ್ಯನ ಮಗಂಗೆ ಬಾಯಿ ನೋಡಿ ತಿಳ್ಯಕ್ಕೆ ಬರಲ್ವಾ?"

"ಚಿಕ್ಕವನಿದ್ದಾಗ ಬರ್ತಿತ್ತು. ಮರೆತುಹೋಗಿದೆ."

"ಸೈಕಲ್ಲು, ಈಜು, ಇದು, ಮೂರೂ ಮರಿಯಲ್ಲ ಅಂತಾರೆ." ಮುನಿವೆಂಕಟಪ್ಪ ಎದ್ದು ಪಂಚೆ ಕೊಡವಿದ. "ಓದಿದೋರಿಗೆ ಮರ್ತೋದ್ರೂ ಮರ್ತೋಗ್ಬೋದು. ಹಾಕೋ ಸಿದ್ದ, ಮಗ್ಗ ಹಾಕು."

ಉಳಿದ ಇಪ್ಪತ್ತಮೂರು ಖಾನೆಗಳನ್ನು ನಂದಕುಮಾರ್ ಕಾರಿನಲ್ಲಿ ಕೂತು ತುಂಬಿದ. ಎಲ್ಲವೂ ಮಧ್ಯದ್ದು. ಫೋನಿನ ರೆಕಾರ್ಡಿಂಗ್ ಹಾಕಿ ಕೇಳಿದ. ಎಳೆ ಹರಿಯುವವರೆಗಿನ ನಾಲ್ಕು ನಿಮಿಷವೂ ಮಗ್ಗ ಬಡಿಯುತ್ತಿತ್ತು, ಬೇರೇನೂ ಇರಲಿಲ್ಲ. ಅವನಿಗೆ ಆದದ್ದು ಸಮಾಧಾನವೇ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ವರದಿಯಲ್ಲಿ ಬರೆಯುವುದು ವಿಧಾನಕ್ಕೆ ವಿರುದ್ಧ. ವಿಧಾನ ಅವನ ಕೈ ಬಿಟ್ಟಿರಲಿಲ್ಲ.

ಕೇಂದ್ರದಲ್ಲಿ ಬೆರಳುಗಳು ತಾವಾಗಿಯೇ ಟೈಪು ಮಾಡಿದವು. ತಂದೆಯ ಭಾವಾಭಿವ್ಯಕ್ತಿ ಅತಿ ಸೀಮಿತ. ಮಗುವಿನ ಬಗ್ಗೆ ನೇರವಾಗಿ ಪ್ರಶ್ನಿಸಿದಾಗಲೂ ಪ್ರತಿಕ್ರಿಯೆ ಇಲ್ಲ. ಸದ್ಯಕ್ಕೆ ತಿಂಗಳಿಗೊಮ್ಮೆ, ಒಂದು ಗಂಟೆ, ಕೇಂದ್ರದ ಮೇಲ್ವಿಚಾರಣೆಯಲ್ಲಿ ಮಾತ್ರ ಭೇಟಿ ಸೂಕ್ತ. ಜೊತೆಗೆ ತಂದೆ ಹನ್ನೆರಡು ವಾರಗಳ ಗಂಡಸರ ಗುಂಪು ಚಿಕಿತ್ಸೆಗೆ ಹಾಜರಾಗಬೇಕು. ಗುಂಪನ್ನು ನಡೆಸುವವರ ಹೆಸರಿನ ಜಾಗದಲ್ಲಿ ತನ್ನ ಹೆಸರನ್ನೇ ಹಾಕಿದ.

ಕೇಂದ್ರದ ಮುಖ್ಯಸ್ಥೆ ವಾಣಿಶ್ರೀ ನಿಂತುಕೊಂಡೇ ಓದಿದಳು.

"ಮೂರು ಸಲ ಕೂತ್ರೂ ಏನೂ ಹೇಳ್ಲಿಲ್ವಾ?"

"ಇಲ್ಲ ಮೇಡಂ."

"ಪಾಪ. ಅವ್ರ ತಂದೆ ಹೇಗಿದ್ರೋ, ಇವ್ರೂ ಹಾಗೇ." ಸಹಿ ಹಾಕಿದಳು. "ನಿಮ್ಮ ತಂದೆ ಬಗ್ಗೆ ಹೇಳ್ತೀರಲ್ಲ, ಅದನ್ನ ಗುಂಪಲ್ಲಿ ಮೊದ್ಲೇ ಹೇಳಿ. ಧೈರ್ಯ ಬರುತ್ತೆ."

"ಹೇಳ್ತೀನಿ."

"ಕೆಳಗಡೆ ಭೇಟಿ ರೂಮು ಇವತ್ತು ಮುಗಿಯುತ್ತೆ. ಇವ್ರೇ ಮೊದಲ್ನೇ ಕೇಸು. ಒಂದ್ಸಲ ನೋಡ್ಬಿಡಿ."

ರೂಮು ಎಂದರೆ ಕೆಳಗಿನ ಹಾಲ್‌ನ ಮೂಲೆಯಲ್ಲಿ ಎಬ್ಬಿಸಿದ ಗಾಜಿನ ಪೆಟ್ಟಿಗೆ. ಒಳಗೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ದೊಡ್ಡದು, ಒಂದು ಚಿಕ್ಕದು. ಆಡಿದ ಮಾತು ತಂದೆ ಮಗುವಿನ ನಡುವೆ ಉಳಿಯಬೇಕು, ಹೊರಗೆ ಕೂತವರಿಗೆ ಬರೀ ಕಾಣಬೇಕು ಎಂದು ದಪ್ಪ ಗಾಜು ಹಾಕಿಸಿದ್ದರು. ಗಾಜಿನ ಕೆಲಸದ ಕೆಂಪರಾಜ್ ಕೊನೆಯ ಸಂದಿಗೆ ಅಂಟು ತುಂಬಿ, ಅಂಗೈ ಒರೆಸಿಕೊಳ್ಳುತ್ತಿದ್ದ.

"ಸರಿಯಾದ ಹೊತ್ತಿಗೆ ಬಂದ್ರಿ ಸರ್. ಒಳಗೋಗಿ ಏನಾದ್ರೂ ಗಟ್ಟಿಯಾಗಿ ಮಾತಾಡಿ. ಸದ್ದು ಆಚೆ ಬರುತ್ತಾ ನೋಡ್ಬಿಡ್ತೀನಿ."

"ಏನು ಮಾತಾಡ್ಲಿ?"

"ಏನಾದ್ರೂ ಸರ್. ಮನಸ್ಸಿಗೆ ಬಂದಿದ್ದು."

ನಂದಕುಮಾರ್ ಒಳಗೆ ಹೋದ. ಬಾಗಿಲು ಮೆತ್ತಗೆ ಕೂತುಕೊಂಡಿತು. ಹಾಲ್‌ನ ಫ್ಯಾನು, ಟೈಪಿಂಗಿನ ಟಕಟಕ, ಹೊರಗಿನ ಬಸ್ಸು, ಎಲ್ಲದರ ಸದ್ದೂ ಒಟ್ಟಿಗೆ ನಿಂತಿತು. ದೊಡ್ಡ ಕುರ್ಚಿಯಲ್ಲಿ ಕೂರಲು ಹೋಗಿ, ಬೇಡವೆನಿಸಿ, ನಿಂತೇ ಇದ್ದ. ಗಾಜಿನಾಚೆ ಕೆಂಪರಾಜ್ ಕಿವಿಯನ್ನು ಗಾಜಿಗೆ ಒತ್ತಿಟ್ಟು, ಶುರುಮಾಡಿ ಎಂದು ಕೈಯಾಡಿಸಿದ.

ನಂದಕುಮಾರ್ ಬಾಯಿ ತೆರೆದ.

ಒಂದು ವಾಕ್ಯ ಸಾಕಿತ್ತು. ಉಪನ್ಯಾಸದ್ದೇ ಆದರೂ ಸಾಕಿತ್ತು. ಅವನ ದವಡೆ ಒಮ್ಮೆ ಅಲುಗಿ ಹಾಗೇ ನಿಂತಿತು. ದನಿ ಹೊರಡಲಿಲ್ಲ.

ಕೆಂಪರಾಜ್ ಇನ್ನೂ ಸ್ವಲ್ಪ ಹೊತ್ತು ಶ್ರದ್ಧೆಯಿಂದ ಕೇಳಿದ. ಆಮೇಲೆ ಕಿವಿ ತೆಗೆದು, ಮುಖ ಅರಳಿಸಿ, ಗಾಜಿನಾಚೆಯಿಂದ ಹೆಬ್ಬೆರಳೆತ್ತಿ ತೋರಿಸಿದ. ಕೆಲಸ ಚೆನ್ನಾಗಿ ಆಗಿತ್ತು.