ಎಪಿದವ್ರೋಸಿನ ನಡುಗಲ್ಲು

ಎಪಿದವ್ರೋಸಿನ ಹಳೆಯ ಗ್ರೀಕ್ ರಂಗಮಂದಿರದ ತುತ್ತತುದಿಯ ಕಲ್ಲುಸಾಲಿನಲ್ಲಿ ಕೂತೂ ಲಾಂಬ್ರೋಸ್ ತನ್ನೂರಿನ ಪಾದ್ರಿಗಳನ್ನು ಬೈಯುವುದನ್ನು ನಿಲ್ಲಿಸಿರಲಿಲ್ಲ.

"ದೇವಮಾತೆಯ ಹಬ್ಬಕ್ಕೆ ಈ ಸಲ ವಿಶ್ರಾಂತಿ ತಗೋ ಅಂತಾರೆ. ನನಗೆ! ಕೊಡೋದಾದ್ರೆ ಆ ಸ್ತಾಥಿಸ್‌ಗೆ ಕೊಡ್ಲಿ. ಶ್ರುತಿ ಹಿಡಿಯೋ ಅಂದ್ರೆ ಹಗ್ಗ ಬಿಚ್ಚಿದ ದೋಣಿ ಥರ ತೇಲ್ತಾನೆ. ನಾನಂತೂ ಹಾಡೋನೇ."

"ರಜಾಕ್ಕೆ ಬಂದಿದೀವಿ, ಲಾಂಬ್ರೋ. ಅವರನ್ನೆಲ್ಲ ವೋಲೋಸಿನಲ್ಲೇ ಬಿಟ್ಟು ಬರಬಾರದಾಗಿತ್ತಾ?" ಎಂದು ಹೆಂಡತಿ ಅಂಥೂಲಾ ನಕ್ಕಳು. ನಕ್ಕರೂ ಒಳಗೆ ಕಸಿವಿಸಿ.

ಅವರ ಚರ್ಚಿನಲ್ಲಿ ವಾದ್ಯವಿಲ್ಲ. ಲಾಂಬ್ರೋಸ್ ಸ್ತೋತ್ರ ಹಾಡಿದರೆ, ಪಕ್ಕದಲ್ಲಿ ವೈರಿಂಗ್ ಕೆಲಸದ ಸ್ತಾಥಿಸ್ ಶ್ರುತಿಯಾಗಿ ಒಂದೇ ಸ್ವರವನ್ನು ಎಳೆದು ಹಿಡಿಯುತ್ತಾನೆ. ಈಸ್ಟರಿನಲ್ಲಿ ಕೆಳಗೆ ಜಾರಿದ್ದು ಲಾಂಬ್ರೋಸನ ದನಿ. ಅದು ಜಾರಿದಾಗಲೆಲ್ಲ ಸ್ತಾಥಿಸ್ ತನ್ನ ಸ್ವರವನ್ನೂ ಜೊತೆಗೇ ಇಳಿಸಿ, ನೆರೆದ ಜನಕ್ಕೆ ಗೊತ್ತಾಗದಂತೆ ನೋಡಿಕೊಂಡಿದ್ದ. ಆಮೇಲೆ ಅಂಗಳದಲ್ಲಿ ಎಲ್ಲರೆದುರು ಲಾಂಬ್ರೋಸನಿಂದಲೇ ಬೈಸಿಕೊಂಡು, "ತಪ್ಪಾಯ್ತು ಮೇಷ್ಟ್ರೇ" ಎಂದು ತಲೆ ತಗ್ಗಿಸಿದ. ಹಾಡಿ ಬೆಳೆದ ಅಂಥೂಲಾಳಿಗೆ ಎಲ್ಲವೂ ತಿಳಿದಿತ್ತು. ಗಂಡನ ಕಿವಿ ಮಂದವಾಗುತ್ತಿದೆ ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಡಲೇ ಇಲ್ಲ.

ಕೆಳಗೆ, ರಂಗದ ನಟ್ಟನಡುವಿನ ಕಲ್ಲಿನ ಮೇಲೆ ನಿಂತು ಮಗಳು ಥೆಕ್ಲಾ ಮೆಲ್ಲಗೆ ಅಂದಳು: "ಅಪ್ಪಾ, ಟೊಪ್ಪಿ ಹಾಕ್ಕೋ. ಬಿಸಿಲು." ಆ ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿ ಮೇಲಿನ ಸಾಲಿಗೆ ಬಂತು.

ಲಾಂಬ್ರೋಸ್ ಕೈ ಬೀಸಿದ. "ಹೌದು ಮಗಳೇ, ಬಹಳ ಸುಂದರವಾಗಿದೆ!"

ಸುತ್ತಲಿದ್ದವರು ತಮಾಷೆ ಎಂದುಕೊಂಡು ನಕ್ಕರು. ಆ ನಗುವಿನಿಂದ ಅವನಿಗೆ ಹುರುಪು ಬಂತು. "ನಾನೂ ಅಲ್ಲಿ ನಿಂತು ಒಂದು ಸಾಲು ಹಾಡ್ತೀನಿ. ಪಾದ್ರಿಗಳಿಗೆ ವೋಲೋಸಿನಲ್ಲೇ ಕೇಳಿಸಲಿ."

"ಬೇಡ ಕಣೋ, ಇಲ್ಲಿ ಹಾಡೋಕೆ ಬಿಡಲ್ಲ."

ಅವನು ಆಗಲೇ ಇಳಿಯತೊಡಗಿದ್ದ. ಅಂಥೂಲಾ ಮಂಡಿ ಹಿಡಿದುಕೊಂಡು ಹಿಂದೆಯೇ ಇಳಿದಳು.

ನಡುಗಲ್ಲಿನ ಮೇಲೆ ನಿಂತು, ಕಣ್ಣು ಮುಚ್ಚಿ, ಹಬ್ಬದ ಸ್ತೋತ್ರ ಎತ್ತಿಕೊಂಡ. ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಮೊದಲ ಸಾಲು ಸರಿಯಾಗಿಯೇ ಇತ್ತು. ಎರಡನೆಯದರಲ್ಲಿ ದನಿ ಜಾರಿತು. ಜೊತೆಗೆ ಜಾರಲು ಇಲ್ಲಿ ಯಾರೂ ಇರಲಿಲ್ಲ. ಪಿಸುಮಾತನ್ನೂ ಬಿಡದ ಆ ಕಲ್ಲುಗಳು ಇದನ್ನೂ ಬಿಡದೆ ತುದಿಯವರೆಗೆ ಒಯ್ದವು. ಇಬ್ಬರು ಹುಡುಗರು ಮೊಣಕೈ ತಿವಿದುಕೊಂಡು ನಕ್ಕರು.

ಕಾವಲಿನ ಹುಡುಗಿ ಶಿಳ್ಳೆ ಊದಿದಳು. ಎಲ್ಲರೂ ತಿರುಗಿದರು, ಲಾಂಬ್ರೋಸ್ ತಿರುಗಲಿಲ್ಲ. ಮತ್ತೂ ಜೋರಾಗಿ ಊದಿದಳು. ಅವನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಹೋದ.

ಹುಡುಗಿ ಅಂಥೂಲಾಳ ಮುಖ ನೋಡಿದಳು. ಶಿಳ್ಳೆಯನ್ನು ಜೇಬಿಗಿಳಿಸಿ, ನಿಧಾನವಾಗಿ ಸುತ್ತಿ ಬಂದು ಅವನೆದುರು ನಿಂತಳು. ಸಾಲು ಮುಗಿದು ಅವನು ಕಣ್ಣು ಬಿಡುವವರೆಗೂ ಕಾದಳು.

"ಇಲ್ಲಿ ಹಾಡೋ ಹಾಗಿಲ್ಲ ಮಾಮಾ," ಎಂದು ಬಾಯಿ ಅಗಲಿಸಿ ಬಿಡಿಸಿ ಹೇಳಿದಳು. "ಆದ್ರೆ ಚೆನ್ನಾಗಿತ್ತು."

ಅವನು ಸುತ್ತ ನೋಡಿದ. ನಗುವ ಹುಡುಗರು, ಅವಳ ಜೇಬಿನಿಂದ ಇಳಿಬಿದ್ದ ಶಿಳ್ಳೆಯ ದಾರ.

"ಊದಿದ್ಯಾ?"

"ಮೆಲ್ಲಗೆ ಊದಿದೆ, ಅಷ್ಟೇ," ಎಂದಳು ಹುಡುಗಿ.

ಅಂಥೂಲಾ ಹುಡುಗಿಯತ್ತ ನೋಡಿದಳು. ಇವಳೂ ಸ್ತಾಥಿಸನ ಹಾಗೆಯೇ. ಹೀಗೆ ಎಲ್ಲರೂ ಮುಚ್ಚಿಟ್ಟುಕೊಂಡೇ ಹೋದರೆ ಹಬ್ಬದ ದಿನ ಊರೆಲ್ಲ ನೋಡುತ್ತಿರುವಾಗ ಇವನ ಗತಿಯೇನು? ಅವಳು ಗಂಡನಿಗೆ ತನ್ನ ತುಟಿ ಕಾಣುವಂತೆ ನಿಂತಳು.

"ಜೋರಾಗೇ ಊದಿದಳು, ಲಾಂಬ್ರೋ. ಎರಡು ಸಲ. ಈಸ್ಟರಿನಲ್ಲಿ ತೇಲಿದ್ದೂ ಸ್ತಾಥಿಸ್ ಅಲ್ಲ, ನೀನು. ನೀನು ಜಾರಿದ ಕಡೆಗೆಲ್ಲ ಅವನು ಬಂದ."

ಅವನು ನಡುಗಲ್ಲು ಬಿಟ್ಟು ಈಚೆ ಬಂದ.

"ಎಲ್ಲರ ಮುಂದೆ ನಾನು ಅವನಿಗೆ ಬೈದೆ," ಎಂದ. "ನೀನು ಪಕ್ಕದಲ್ಲೇ ಈಸ್ಟರಿನ ಕೆಂಪು ಮೊಟ್ಟೆ ಸುಲೀತಾ ನಿಂತಿದ್ದೆ."



ಪೈನ್ ಮರಗಳ ಕೆಳಗೆ ಕಾರಿನ ಹತ್ತಿರ ಬಂದ ಮೇಲೆ ಲಾಂಬ್ರೋಸ್ ಫೋನು ಹೊರತೆಗೆದ. "ಹಬ್ಬಕ್ಕೆ ಸ್ತಾಥಿಸ್ ಹಾಡ್ಲಿ ಅಂತ ಪಾದ್ರಿಗಳಿಗೆ ಹೇಳಬೇಕು. ಅವರು ಏನಂತಾರೋ, ನನಗೆ ಕೇಳಿಸಲ್ಲ."

ಅಂಥೂಲಾ ಕೈ ಚಾಚಿದಳು.

"ನೀನು ಬೇಡ," ಎಂದ ಅವನು. "ನೀನು ಒಳ್ಳೆ ಮಾತು ಸೇರಿಸ್ತೀಯ."

ಫೋನನ್ನು ಮಗಳ ಕೈಗಿತ್ತ.