ಆಗಲೇ ಮೆಟ್ಟಿದ ಚಪ್ಪಲಿ

“ಚಪ್ಪಲಿ ಬಿಡ್ರಿ ಏಕಾಂತಮ್ಮ, ಕಾರು ಬರೋ ಹೊತ್ತಾತು,” ಎಂದು ಲಕ್ಷ್ಮೀಕಾಂತ್ ಮೂರನೆಯ ಸಲ ಹೇಳಿದ.

ಏಕಾಂತಮ್ಮ ಮೂರನೆಯ ಸಲವೂ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು. ಆದಿವಾಲದ ಕಡೆಯ ರಸ್ತೆಗೆ ತಾಗಿದ ಶೇಂಗಾ ಹೊಲದ ಬದುವಿನ ಮೇಲೆ ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದರು. ಹತ್ತು ಜನರ ಚಪ್ಪಲಿ ಬೇವಿನ ಮರದ ಬುಡದಲ್ಲಿ ರಾಶಿ ಬಿದ್ದಿದ್ದವು. ಹನ್ನೊಂದನೆಯ ಜೊತೆ ಏಕಾಂತಮ್ಮನ ಕಾಲಲ್ಲೇ ಇತ್ತು. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ, ಬಲಗಾಲಿನದಕ್ಕೆ ಹೆಬ್ಬೆರಳು ಹಿಡಿಯುವ ಉಂಗುಷ್ಟದ ಹತ್ತಿರ ಪಿನ್ನು ಹಾಕಿದ್ದು.

ಲಕ್ಷ್ಮೀಕಾಂತ್ ಹಿರಿಯೂರಿನಲ್ಲಿ ಮದುವೆ ವಿಡಿಯೋ ತೆಗೆಯುವವನು. ಟೀವಿ ಧಾರಾವಾಹಿಯವರು ಈ ಕಡೆ ಶೂಟಿಂಗಿಗೆ ಬಂದರೆ ಜನ ಕೂಡಿಸಿಕೊಡುವವನೂ ಅವನೇ. ಬಬ್ಬೂರು ಫಾರಂನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂಲಿ ಮಾಡುತ್ತಿರುವ ಏಕಾಂತಮ್ಮನ ಗಂಟಲು ಅವನಿಗೆ ಗೊತ್ತಿತ್ತು. ಈ ಬದುವಿನಿಂದ ಕೂಗಿದರೆ ಮೂರು ಹೊಲದಾಚೆ ಕಳೆ ತೆಗೆಯುವವರು ತಲೆ ಎತ್ತಬೇಕು, ಅಂಥ ಗಂಟಲು. ಅದಕ್ಕೇ ಭಾನುವಾರದ ರಜಾ ನೋಡಿ ಅವಳನ್ನು ಕರೆತಂದು, ಹನ್ನೊಂದು ಜನರಲ್ಲಿ ಅವಳೊಬ್ಬಳಿಗೇ ಮಾತು ಕೊಡಿಸಿದ್ದ. ‘ಈ ಊರಿಗೆ ನೀವೇ ದಿಕ್ಕು ಅಮ್ಮಾವ್ರೇ.’ ಇಷ್ಟೇ ಮಾತು.

ಒಂದೇ ಮಾತಾದರೇನು, ಮೂರು ದಿನದಿಂದ ಕಾಲೋನಿಯಲ್ಲೆಲ್ಲ ಅದೇ ಸುದ್ದಿ. ಹೊಳಲ್ಕೆರೆಯಲ್ಲಿ ನರ್ಸ್ ಆಗಿರುವ ಮಗಳು ಸುಚಿತ್ರಾ ಫೋನ್ ಮಾಡಿ, “ಅವ್ವ, ನಮ್ ಡ್ಯೂಟಿಯೋರಿಗೆಲ್ಲ ಹೇಳೀನಿ. ಗಟ್ಟಿಯಾಗಿ ಹೇಳು,” ಎಂದಿದ್ದಳು. ಏಕಾಂತಮ್ಮ ಬಚ್ಚಲೊಲೆಯ ಮುಂದೆ ಕೂತು ಆ ಮಾತನ್ನು ನೂರು ಸಲ ಹೇಳಿಕೊಂಡಿದ್ದಳು. ಆಸೆ ಇರಲಿಲ್ಲ ಅಂದರೆ ಸುಳ್ಳು. ಮೂವತ್ತು ವರ್ಷ ಟೀವಿ ನೋಡಿದವಳಿಗೆ ಒಂದು ದಿನ ಟೀವಿಯೂ ತನ್ನನ್ನು ನೋಡಲಿ ಅನ್ನಿಸಿದರೆ ಅದರಲ್ಲಿ ತಪ್ಪೇನಿದೆ?

ಬೆಳಿಗ್ಗೆ ಎಲ್ಲ ನಗುನಗುತ್ತಲೇ ಶುರುವಾಗಿತ್ತು. ಕನ್ನಡಕದ ನಿರ್ದೇಶಕ ಬಂದು ಎಲ್ಲರ ಕೈಗೂ ಒಂದೊಂದು ಹೊಸ ಕುಡುಗೋಲು ಕೊಡಿಸಿ, “ಶೇಂಗಾ ಕೊಯ್ತಾ ಇರಿ” ಎಂದಿದ್ದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಸುಮಾ ಬಾಯಿಗೆ ಸೆರಗು ಒತ್ತಿಕೊಂಡು ಬದುವಿನ ಮೇಲೇ ಕುಸಿದಳು.

“ಸಾರ್, ಶೇಂಗಾ ಕೊಯ್ಯಲ್ಲ, ಕೀಳ್ತಾರೆ. ಕಾಯಿ ಮಣ್ಣಾಗೆ ಐತೆ,” ಎಂದು ಏಕಾಂತಮ್ಮ ಒಂದು ಗಿಡ ಕಿತ್ತು ಮಣ್ಣು ಕೊಡವಿ ತೋರಿಸಿದಳು.

ನಿರ್ದೇಶಕ ಗೊಂಚಲು ನೋಡಿದ, ಕುಡುಗೋಲು ನೋಡಿದ. “ಇರಲಿ, ಕುಡುಗೋಲಿದ್ರೆ ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತೆ,” ಎಂದ. ಸರಿ, ಕಾಣಲಿ ಬಿಡು ಎಂದು ಹೆಂಗಸರು ಎಡಗೈಯಲ್ಲಿ ಗಿಡ ಕಿತ್ತು, ಬಲಗೈಯಲ್ಲಿ ಗಾಳಿಗೆ ಕುಡುಗೋಲು ಬೀಸಿದರು. ಹೊಟ್ಟೆ ತುಂಬ ನಕ್ಕರು. ಅಲ್ಲಿಯವರೆಗೆ ಯಾರಿಗೂ ಬೇಸರವಿರಲಿಲ್ಲ.

ಏಕಾಂತಮ್ಮ ಟೀವಿ ನೋಡುವ ಬಗೆಯೇ ಬೇರೆ. ಉಳಿದವರು ಸೀರೆ, ಸರ ನೋಡಿದರೆ ಅವಳು ಕಾಲು ನೋಡುತ್ತಿದ್ದಳು. ಕಾಲೋನಿಯಲ್ಲಿ ಮೊದಲು ಟೀವಿ ಬಂದದ್ದು ಕಾಟಪ್ಪನ ಮನೆಗೆ. ಆಗಿನ ಧಾರಾವಾಹಿಯ ಸೊಸೆಯರು ಬರಿಗಾಲಿನಲ್ಲಿ ಸದ್ದಾಗದಂತೆ ನಡೆದು, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅಳುತ್ತಿದ್ದರು. ಆಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಟಕಟಕ ಬರುವ ನಾದಿನಿಯರ ಕಾಲ ಬಂತು, ಅವರೆಲ್ಲ ಮನೆಹಾಳಿಯರು. ಈಗಿನ ನಾಯಕಿಗೆ ಬಿಳಿ ಬೂಟು. ತಾನೇ ಕಾರು ಓಡಿಸುತ್ತಾಳೆ, ಮಾವನಿಗೇ ಎದುರು ಮಾತಾಡುತ್ತಾಳೆ, ಒಲ್ಲದ ಮದುವೆಯ ಮಂಟಪದಿಂದ ಎದ್ದು ಬರುತ್ತಾಳೆ. ಅದು ಏಕಾಂತಮ್ಮನಿಗೆ ಬಹಳ ಸೇರಿತ್ತು. ಸುಚಿತ್ರಾ ನರ್ಸಿಂಗ್ ಓದುತ್ತೇನೆ ಅಂದಾಗ ತಾನು ಹೂಂ ಅಂದದ್ದರಲ್ಲಿ ಆ ಬಿಳಿ ಬೂಟಿನದೂ ಒಂದು ಪಾಲಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ನಾಯಕಿಯ ಕಾಲು ಎಷ್ಟೇ ಬದಲಾಗಲಿ, ಅವಳ ಕಾರಿನಾಚೆ ಹೊಲದಲ್ಲಿ ನಿಂತವರ ಕಾಲು ಮಾತ್ರ ಮೂವತ್ತು ವರ್ಷದಿಂದ ಹಾಗೇ ಇತ್ತು. ಇದನ್ನೂ ಅವಳು ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ.

ಕಾಟಪ್ಪನ ಮನೆಯಲ್ಲಿ ಆಗ ಇನ್ನೊಂದು ತಮಾಷೆ ನಡೆಯುತ್ತಿತ್ತು. ಟೀವಿಯಲ್ಲಿ ಮೀಸೆಯ ಧಣಿಯೋ ಜರತಾರಿ ಸೀರೆಯ ಧಣಿಯ ಹೆಂಡತಿಯೋ ಬಂದ ಕೂಡಲೇ, ಏಕಾಂತಮ್ಮನನ್ನು ನೋಡಲು ಊರಿಂದ ಬರುತ್ತಿದ್ದ ತಾಯಿ ತಿಪ್ಪಮ್ಮ ಮಂಚದಿಂದ ಇಳಿದು ನೆಲಕ್ಕೆ ಕೂತುಬಿಡುತ್ತಿದ್ದಳು. “ಅವ್ವ, ಅದು ಟೀವಿ. ಅವರಿಗೆ ನೀನು ಕಾಣಲ್ಲ,” ಎಂದರೆ, “ನನಗೆ ಅವರು ಕಾಣ್ತಾರಲ್ಲೇ,” ಎನ್ನುತ್ತಿದ್ದಳು. ಮನೆ ತುಂಬ ನಗು. ಈಗ ಎಂಬತ್ತು ದಾಟಿ ಮಗಳ ಮನೆಯಲ್ಲಿದ್ದಾಳೆ. ಈಗಲೂ ಇಳಿಯುತ್ತಾಳೆ.

ಏಕಾಂತಮ್ಮನ ತವರೂರಿನಲ್ಲಿ ತಿಪ್ಪಮ್ಮ ಗೌಡರ ಬೀದಿ ಬಂದರೆ ಮೆಟ್ಟು ಬಿಚ್ಚಿ, ಕೈಯಲ್ಲಿ ಹಿಡಿದು, ಸೆರಗಿನಲ್ಲಿ ಮುಚ್ಚಿಕೊಂಡು ದಾಟುತ್ತಿದ್ದಳು. ಏಕಾಂತಮ್ಮನಿಗೆ ಹದಿನೈದಾದಾಗ ಅಪ್ಪ ಹಿರಿಯೂರು ಸಂತೆಯಿಂದ ಚಪ್ಪಲಿ ತಂದುಕೊಟ್ಟ. ಮೊದಲನೆಯ ದಿನವೇ ಅವಳು ಬೀದಿಯಲ್ಲಿ ಅದನ್ನು ಬಿಚ್ಚಲಿಲ್ಲ. ಧೈರ್ಯ ಅಂತಲ್ಲ, ಹೊಸ ಚಪ್ಪಲಿಯ ಸಂಭ್ರಮ. ಹಿಂದಿನಿಂದ ತಾಯಿ “ಬಿಚ್ಚೇ, ಬಿಚ್ಚೇ” ಎಂದು ಪಿಸುಗುಟ್ಟುತ್ತಲೇ ಇದ್ದಳು. ಅರ್ಧ ಬೀದಿ ದಾಟುವ ಹೊತ್ತಿಗೆ ಜಗಲಿಯ ಮೇಲಿನ ಮಾತುಗಳು ನಿಂತವು. ಆಗ ಸಂಭ್ರಮ ಹೋಗಿ ಧೈರ್ಯ ಬಂತು. ಉಳಿದರ್ಧ ಬೀದಿಯನ್ನು ಅವಳು ಬೇಕೆಂತಲೇ ನಿಧಾನವಾಗಿ ದಾಟಿದಳು. ಮರುದಿನ ಅಪ್ಪ ಜಗಲಿಯ ಕೆಳಗೆ ಕೈಕಟ್ಟಿ ನಿಂತು ತಪ್ಪಾಯಿತು ಎಂದು ಹೇಳಿ ಬಂದ. ಬಂದವನು ಮಗಳನ್ನು ಬೈಯಲಿಲ್ಲ, ಚಪ್ಪಲಿಯನ್ನು ಕಸಿದುಕೊಳ್ಳಲೂ ಇಲ್ಲ. ಅವಳು ಮತ್ತೆ ಯಾವ ಬೀದಿಯಲ್ಲೂ ಬಿಚ್ಚಲಿಲ್ಲ. ತಿಪ್ಪಮ್ಮ ಮಾತ್ರ ಆ ಊರು ಬಿಡುವ ತನಕ ಮೆಟ್ಟನ್ನು ಕೈಯಲ್ಲೇ ಹಿಡಿದಳು.

ಇದನ್ನೆಲ್ಲ ಲಕ್ಷ್ಮೀಕಾಂತನಿಗೆ ಹೇಳುತ್ತ ಕೂರುವ ಹೊತ್ತಲ್ಲ. “ಯಾಕೆ ಬಿಡಬೇಕು?” ಎಂದಷ್ಟೇ ಕೇಳಿದಳು.

“ಅಯ್ಯೋ, ಸೀನ್ ಕಣ್ರಿ ಇದು. ಅಮ್ಮಾವ್ರ ಕಾರು ಬರ್ತೈತೆ, ನೀವು ಚಪ್ಪಲಿ ಬಿಟ್ಟು ಕೈಮುಗಿದು ನಿಲ್ತೀರಿ. ಅಷ್ಟೇ. ಕಾಲು ಸರಿಯಾಗಿ ಕಾಣದೂ ಇಲ್ಲ.”

“ಕಾಣದಿಲ್ಲ ಅಂದ್ರೆ ಬಿಡೋದು ಯಾಕೆ?”

“ಕಾಣ್ತೈತೆ ಅಂತ್ಲೇ ಅನ್ಕಳ್ರಿ.”

“ಕಾಣ್ತೈತೆ ಅಂದ್ರೆ ಬಿಡಾದೇ ಇಲ್ಲ.”

ಪಕ್ಕದಲ್ಲಿ ನಿಂತಿದ್ದ ಸುಮಾ ಮೊಣಕೈಯಿಂದ ತಿವಿದಳು. “ಅಕ್ಕ, ಒಂದು ಗಳಿಗೆ ಬಿಡು ಅತ್ಲಾಗೆ. ಮಾತು ನಿಂದೊಬ್ಬಳ್ದೇ ಐತೆ. ಸುಚಿತ್ರಾ ಕಾಯ್ತಾ ಕುಂತವಳೆ.”

ಅಷ್ಟರಲ್ಲಿ ನಿರ್ದೇಶಕನೇ ಬಂದ. ಒಳ್ಳೆಯ ಮನುಷ್ಯ, ಸಿಡುಕಲಿಲ್ಲ. ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಮಕ್ಕಳಿಗೆ ಹೇಳುವಂತೆ ಹೇಳಿದ.

“ಅಮ್ಮಾ, ನೀವು ತಪ್ಪು ತಿಳ್ಕೊಂಡಿದ್ದೀರಿ. ಇದು ಹಳೇ ಕಾಲದ ಕಥೆ ಅಲ್ಲ. ನಾಯಕಿ ಕಾರಿಂದ ಇಳೀತಾಳೆ, ನಿಮ್ಮೆಲ್ಲರ ಬರಿಗಾಲು ನೋಡ್ತಾಳೆ, ಕಣ್ಣಲ್ಲಿ ನೀರು ಬರುತ್ತೆ. ತಾನೇ ಚಪ್ಪಲಿ ತಂದು ನಿಮ್ಮ ಮುಂದಿಟ್ಟು ‘ಹಾಕ್ಕೊಳ್ಳಿ, ನಾವೆಲ್ಲ ಒಂದೇ’ ಅಂತಾಳೆ. ಆಗ ನೀವು ಆ ಮಾತು ಹೇಳ್ತೀರಿ. ಕಾಲ ಬದಲಾಗಿದೆ ಅಂತ ತೋರಿಸೋದಕ್ಕೇ ಈ ಸೀನು.”

ಏಕಾಂತಮ್ಮ ತನ್ನ ಕಾಲು ನೋಡಿಕೊಂಡಳು. “ಸಾರ್, ನಾವು ಆಗಲೇ ಹಾಕ್ಕಂಡೀವಲ್ಲ. ಬಿಚ್ಚಿಸಿ ಹಾಕ್ಸಾದು ಯಾಕೆ?”

“ಅದು... ನಾಯಕಿ ಹಾಕಿಸಬೇಕಲ್ಲಮ್ಮ. ನೀವೇ ಹಾಕ್ಕೊಂಡು ನಿಂತಿದ್ರೆ ಅವಳಿಗೇನು ಕೆಲಸ?”

“ಅದನ್ನೇ ನಾನೂ ಕೇಳ್ತಿರಾದು.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿರ್ದೇಶಕ ಎದ್ದು ನಿಂತು ಪ್ಯಾಂಟಿನ ಮಣ್ಣು ಕೊಡವಿಕೊಂಡ. ಬಿಸಿಲು ಏರುತ್ತಿತ್ತು, ದೂರದಲ್ಲಿ ಕಾರಿನ ಪಕ್ಕ ಕೊಡೆಯ ಕೆಳಗೆ ಬಿಳಿ ಬೂಟಿನ ಹುಡುಗಿ ಕಾಯುತ್ತಿದ್ದಳು. “ಹಾಗಾದ್ರೆ ಮಾತು ಬೇರೆಯವರಿಗೆ ಕೊಡಬೇಕಾಗುತ್ತೆ,” ಎಂದ.

ಏಕಾಂತಮ್ಮ ಮರದ ಬುಡದ ಚಪ್ಪಲಿ ರಾಶಿಯ ಕಡೆ ನೋಡಿದಳು. ಸುಚಿತ್ರಾಗೆ ಏನು ಹೇಳುವುದು? ಒಂದು ಕ್ಷಣ ಹೆಬ್ಬೆರಳು ಉಂಗುಷ್ಟದಿಂದ ಸಡಿಲಾದದ್ದೂ ನಿಜ. ಆದರೆ ಅಂಗಾಲಿಗೆ ಬದುವಿನ ಬಿಸಿ ಮಣ್ಣು ತಾಕುವ ಮೊದಲೇ ಅಪ್ಪ ಕೈಕಟ್ಟಿ ನಿಂತದ್ದು ಕಣ್ಣಿಗೆ ಬಂತು. ಹೆಬ್ಬೆರಳನ್ನು ಮತ್ತೆ ಉಂಗುಷ್ಟಕ್ಕೆ ತೂರಿಸಿದಳು.

“ಕೊಡ್ರಿ,” ಎಂದಳು, ಮೂರು ಹೊಲದಾಚೆಗೂ ಕೇಳಿಸುವ ಅದೇ ಗಂಟಲಿನಲ್ಲಿ. “ನನ್ನ ಮೊದಲ್ನೇ ಚಪ್ಪಲಿ ನಮ್ಮಪ್ಪ ತಂದ, ನಾನು ಹಾಕ್ಕಂಡೆ. ಊರ ಬೀದಿಯಾಗೆ, ಎಲ್ರೂ ನೋಡಂಗೆ ಹಾಕ್ಕಂಡೆ. ಯಾವ ಅಮ್ಮಾವ್ರೂ ಹಾಕ್ಕಳ್ಳಿ ಅನ್ನಲಿಲ್ಲ. ನಿಮ್ಮ ಹುಡುಗಿ ಬಂದು ಹಾಕ್ಸಿದ್ಲು ಅಂತ ಟೀವಿಯಾಗೆ ಬಂದ್ರೆ, ನಾನು ಹಾಕ್ಕಂಡಿದ್ದು ಸುಳ್ಳಾಗ್ತೈತೆ.”

ಕುಡುಗೋಲನ್ನು ಲಕ್ಷ್ಮೀಕಾಂತನ ಕೈಗಿಟ್ಟು ರಸ್ತೆಯ ಕಡೆ ನಡೆದಳು. ಹಿಂದಿನಿಂದ ಯಾರೂ ಬರಲಿಲ್ಲ. ಪಿನ್ನು ಹಾಕಿದ ಚಪ್ಪಲಿ ಹೆಜ್ಜೆಗೊಮ್ಮೆ ಹಿಮ್ಮಡಿಗೆ ಬಡಿಯುತ್ತಿತ್ತು.

ಮನೆಯಲ್ಲಿ ತಿಪ್ಪಮ್ಮ ಮಂಚದ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. “ಮಾತು ಹೇಳಿದ್ಯೇನೇ?”

“ಇಲ್ಲ. ಚಪ್ಪಲಿ ಬಿಡು ಅಂದ್ರು.”

ಕುಟ್ಟಾಣಿ ನಿಂತಿತು. “ಬಿಟ್ಟ್ಯಾ?”

“ಇಲ್ಲ.”

ತಿಪ್ಪಮ್ಮ ಬಾಗಿಲಾಚೆ ಬಿಟ್ಟಿದ್ದ ಮಗಳ ನೀಲಿ ಚಪ್ಪಲಿಯನ್ನು ನೋಡಿದಳು. ಮತ್ತೆ ಕುಟ್ಟತೊಡಗಿದಳು.

ಕಾಲೋನಿಯವರು ಸುಮ್ಮನಿರಲಿಲ್ಲ. ಧಿಮಾಕು ಅಂದರು, ಬಂದ ಭಾಗ್ಯ ಒದ್ದಳು ಅಂದರು. ಸುಚಿತ್ರಾ ಕೂಡ ಫೋನಿನಲ್ಲಿ, “ಹೋಗ್ಲಿ ಬಿಡವ್ವ,” ಎಂದಳು. ಆ ‘ಹೋಗ್ಲಿ ಬಿಡು’ ಏಕಾಂತಮ್ಮನಿಗೆ ಉಳಿದೆಲ್ಲ ಮಾತಿಗಿಂತ ಹೆಚ್ಚು ನೋವು ಕೊಟ್ಟಿತು. ಆದರೂ ಎರಡು ವಾರದ ಮೇಲೆ ಆ ಕಂತು ಬರುವ ದಿನ ಅವಳು ಬಾಗಿಲು ಹಾಕಿಕೊಳ್ಳಲಿಲ್ಲ. ಸುಚಿತ್ರಾ ಕೊಡಿಸಿದ ದೊಡ್ಡ ಟೀವಿ ಇದ್ದದ್ದು ಅವಳ ಮನೆಯಲ್ಲೇ. ಸಂಜೆ ಏಳೂವರೆಗೆ ತಾನೇ ಹೊಸಿಲಿಗೆ ಬಂದು, “ಬರ್ರಿ, ಕುಂತ್ಕಳ್ರಿ. ಸುಮಾ, ನೀನು ಮುಂದೆ ಕುಂತ್ಕ,” ಎಂದಳು.

ಕಾರು ಬಂತು. ಧೂಳೆದ್ದಿತು. ತಿಪ್ಪಮ್ಮ ಎಂದಿನಂತೆ ಮಂಚದಿಂದ ಇಳಿದು ನೆಲಕ್ಕೆ ಕೂತಳು. ಹತ್ತು ಜನ ಹೆಂಗಸರು ಬರಿಗಾಲಿನಲ್ಲಿ ಕೈಮುಗಿದು ನಿಂತಿದ್ದರು. ಕಾಲು ಕಾಣುವುದಿಲ್ಲ ಅಂದಿದ್ದ ಲಕ್ಷ್ಮೀಕಾಂತ್. ಟೀವಿ ತುಂಬ ಕಾಲೇ ಕಂಡವು. ಒಡೆದ ಹಿಮ್ಮಡಿ, ಮಣ್ಣು ಮೆತ್ತಿದ ಬೆರಳು, ಸುಮಾಳ ಕಾಲುಂಗುರ. ಬಿಳಿ ಬೂಟಿನ ಹುಡುಗಿ ಇಳಿದು ಬಂದಳು, ಕಣ್ಣು ತುಂಬಿಕೊಂಡಳು, ಬೇವಿನ ಮರದ ಬುಡದಿಂದ ಒಂದು ಜೊತೆ ಚಪ್ಪಲಿ ಎತ್ತಿ ತಂದು ಸುಮಾಳ ಮುಂದಿಟ್ಟಳು. “ಹಾಕ್ಕೊಳ್ಳಿ ಅಕ್ಕ. ನನ್ನ ಮುಂದೆ ನೀವು ಚಪ್ಪಲಿ ಹಾಕ್ಕೊಂಡೇ ನಿಲ್ಲಬೇಕು.” ಕೊಳಲು, ಪಿಟೀಲು ಎಲ್ಲ ಒಟ್ಟಿಗೆ ಎದ್ದವು. “ಈ ಊರಿಗೆ ನೀವೇ ದಿಕ್ಕು ಅಮ್ಮಾವ್ರೇ,” ಎಂದಳು ಟೀವಿಯೊಳಗಿನ ಸುಮಾ.

ಹಿಂದೆ ಕೂತ ಇಬ್ಬರು ಚಪ್ಪಾಳೆ ತಟ್ಟಿದರು. ಮುಂದೆ ಕೂತ ಸುಮಾ ತಟ್ಟಲಿಲ್ಲ. ತನ್ನ ಕಾಲನ್ನು ಸೀರೆಯ ನೆರಿಗೆಯೊಳಕ್ಕೆ ಎಳೆದುಕೊಂಡಳು.

“ನನ್ನ ಮೆಟ್ಟು ಎಲ್ಲೇ?” ಎಂದಳು ತಿಪ್ಪಮ್ಮ.

ಮುದುಕಿಗೆ ಹೊರಗೆ ಹೋಗಬೇಕೇನೋ ಎಂದು ಏಕಾಂತಮ್ಮ ಎದ್ದು, ಮೆಟ್ಟನ್ನು ಹೊಸಿಲಾಚೆ ತಿರುಗಿಸಿಟ್ಟು, ಕೈ ಹಿಡಿಯಲು ಬಂದಳು.

“ಅಲ್ಲಲ್ಲ. ಇಲ್ಲಿಗೆ ತಾ.”

“ಒಳಗಾ?”

“ಊಂ. ಒಳಗೆ.”

ಮೊಮ್ಮಗಳು ಚಪ್ಪಲಿಯಲ್ಲಿ ಹೊಸಿಲು ದಾಟಿದರೆ ರಂಪ ಮಾಡುತ್ತಿದ್ದ ಮುದುಕಿ. ಏಕಾಂತಮ್ಮ ತಂದು ಮುಂದಿಟ್ಟು ಹಾಕಲು ಬಗ್ಗಿದಳು. ತಿಪ್ಪಮ್ಮ ಅವಳ ಕೈಯನ್ನು ಪಕ್ಕಕ್ಕೆ ತಳ್ಳಿ, ತಾನೇ ತಡಕಾಡಿ ಎರಡನ್ನೂ ಮೆಟ್ಟಿಕೊಂಡಳು. ಮಂಚದ ಕಾಲು ಹಿಡಿದು ಎದ್ದಳು. ಮಂಚದ ಮೇಲೆ ಕೂತು, ಸೀರೆಯನ್ನು ಒಂದು ಗೇಣು ಮೇಲೆತ್ತಿ, ಟೀವಿಯ ಕಡೆಗೆ ಎರಡೂ ಕಾಲು ಇಳಿಬಿಟ್ಟಳು. ಟೀವಿಯಲ್ಲಿ ಅಮ್ಮಾವ್ರ ಕಾರು ಇನ್ನೂ ನಿಂತೇ ಇತ್ತು. ಎಡದ ಮೆಟ್ಟು ಬಲಗಾಲಿಗೆ, ಬಲದ್ದು ಎಡಗಾಲಿಗೆ ಬಿದ್ದಿತ್ತು. ಯಾರೂ ಸರಿಮಾಡಲು ಹೋಗಲಿಲ್ಲ.