ಒಂದಽ ನಮೂನಿ ಎರಡು ಕೆಟಲಿ

ಯಡ್ರಾವದ ಪಾರೀಸಣ್ಣನ ಮನ್ಯಾಗ ಮುಂಜಾನೆ ಒಂಬತ್ತೂವರಿ ಅಂದ್ರ ಎಲ್ಲಾರೂ ಉಸಿರು ಬಿಗಿಹಿಡಿಯೂ ಹೊತ್ತು. ಅವನ ತಾಯಿ ಮಾಣಿಕಬಾಯಿ ದಿನಕ್ಕ ಒಂದಽ ಸಲ ಉಣ್ಣಾಕಿ, ನೀರೂ ಆವಾಗಽ. ಊಟದಾಗ ಏನರ ಅಡ್ಡಿ ಬಂತು ಅನ್ರಿ, ತಾಟಿನ್ಯಾಗ ಕೂದಲಾ ಕಂಡ್ರ, ಸತ್ತ ಇರಿವಿ ಕಂಡ್ರ, ಯಾರರ ಚೀರಿದ್ರ, ಅದಕ್ಕ ಅಂತರಾಯ ಅಂತಾರ. ಮುದುಕಿ ಕೈ ತೊಳಕೊಂಡು ಎದ್ದಳು ಅಂದ್ರ ಎದ್ದಳು. ಮರುದಿನ ಒಂಬತ್ತೂವರಿ ತನಕಾ ಹನಿ ನೀರಿಲ್ಲ. ಜೈನ ಮುನಿಗಳ ಮುಂದ ಕೈ ಮುಗದು ತಗೊಂಡ ನೇಮ, ಮುರಿ ಅಂತ ಅನ್ನಾಕ ಯಾರಿಗೆ ಧೈರ್ಯ?

ಅವತ್ತಿನ ಮಾತಂತೂ ಇನ್ನೂ ಬ್ಯಾರೆ. ಹಿಂದಿನ ದಿನ ಅಷ್ಟಮಿ, ಪೂರ್ತಿ ಉಪವಾಸ. ಅಂದ್ರ ಎಪ್ಪತ್ತಾರು ವಯಸ್ಸಿನ ಆ ಜೀವ ಎರಡು ದಿನದಿಂದ ನೀರು ಕಂಡಿರಲಿಲ್ಲ. ಮುದುಕಿ ತವರೂರು ಗಡಹಿಂಗ್ಲಜದ ಡಾಕ್ಟರು ಮೊದಲಽ ಹೇಳಿದ್ರು, "ಬಾಯಾರ ಕಿಡ್ನಿ ಸೋತಾವ್ರಿ. ಎರಡು ದಿನದ ಮ್ಯಾಲ ನೀರು ಬಿಟ್ರ ನಾ ಜಿಮ್ಮೇದಾರ ಅಲ್ಲ." ಅದಕ್ಕ ಸೊಸಿ ಕಾಂಚನ ಬೆಳಕು ಹರಿಯೂದ್ರಾಗ ಎದ್ದು, ಬಾವಿ ನೀರು ಸೋಸಿ, ಕುದಿಸಿ, ಕುಟ್ಟಿದ ಲವಂಗದ ಪುಡಿ ಚಿಟಿಕಿ ಹಾಕಿ, ಕೆಟಲ್ಯಾಗ ತುಂಬಿ, ಬಿಳಿ ಅರಿವಿ ಕಟ್ಟಿ ಅಡಗಿಮನಿ ಕಟ್ಟಿಮ್ಯಾಲ ಇಟ್ಟಿದ್ಲು.

ಮೊಮ್ಮಗಳು ಭಕ್ತಿಗೆ ಅವತ್ತ ಬ್ಯಾರೇನಽ ಗಡಿಬಿಡಿ. ಈಕಿ ಇಪ್ಪತ್ತಾರರ ಹುಡಿಗಿ, ಮ್ಯಾಲಿನ ಖೋಲ್ಯಾಗ ಕಂಪ್ಯೂಟರ ಕಟ್ಟಾಕಿ. ಅಂಗಡ್ಯಾಗ ಸಿಗೂ ಅಂಥಾವಲ್ಲ, ಗಿರಾಕಿ ಹೇಳಿದಂಗ ಒಂದೊಂದ ಭಾಗ ತರಿಸಿ ಜೋಡಿಸೂ ಅಂಥಾವು. ಕೊಲ್ಲಾಪುರದಾಗ ಕಾರ್ಟೂನ ಪಿಕ್ಚರ ಮಾಡೂ ಅಭಿಜಿತ ಅನ್ನಾವ ಒಂದು ಮಶೀನ ಹೇಳಿದ್ದ, ಹನ್ನೊಂದಕ್ಕ ನೋಡಾಕ ಬರಾವ ಇದ್ದ. ಪ್ರೊಸೆಸರನ್ನ ಕಂಪನಿ ಇಟ್ಟ ವೇಗಕ್ಕಿಂತ ಏರಿಸಿ ಓಡಸಬೇಕು, ತಾಸಗಟ್ಟಲೆ ಓಡಿದ್ರೂ ಕಾಯಬಾರದು. ಅಷ್ಟು ಶಾಖಕ್ಕ ಬರೇ ಫ್ಯಾನ ಸಾಲೂದಿಲ್ಲ. ಅದರಾಗ ಕೆಳಗ ಅಪ್ಪನ ಹನ್ನೆರಡು ಮಗ್ಗ, ಹತ್ತಿ ಧೂಳು ಮ್ಯಾಲಿನ ತನಕಾ ಹಾರತೈತಿ. ಫ್ಯಾನ ಎಂಟು ದಿನದಾಗ ಉಣ್ಣಿ ಟೊಪಗಿ ಹಾಕ್ಕೊಂಡಂಗ ಆಗತಾವು. ಅದಕ್ಕ ಈಕಿ ನೀರಿನ ಏರ್ಪಾಡು ಮಾಡಿದ್ಲು. ಸಣ್ಣ ಪಂಪು ಡಬ್ಬಿಯೊಳಗಿನ ನೀರನ್ನ ಪಾರದರ್ಶಕ ನಳಿಗ್ಯಾಗ ದೂಡತೈತಿ, ನೀರು ಪ್ರೊಸೆಸರಿನ ಮ್ಯಾಲ ಕುಂಡ್ರಿಸಿದ ತಾಮ್ರದ ಬಿಲ್ಲಿಯೊಳಗ ಹಾದು ಶಾಖ ಹೀರಿ, ರೇಡಿಯೇಟರಿನ್ಯಾಗ ತಣ್ಣಗಾಗಿ, ತಿರಗಿ ಡಬ್ಬಿಗೆ ಬರತೈತಿ. ಬಿಲ್ಲಿಯೊಳಗ ಮಗ್ಗದ ಫಣಿಯ ಹಲ್ಲಿನ ನಡುವ ಇದ್ದಂಗ ಸಣ್ಣ ಸಣ್ಣ ಸಂದು, ಕಣ್ಣಿಗೆ ಕಾಣದಷ್ಟು.

ಬರೇ ನೀರಿಟ್ರ ಪಾಚಿ ಕಟ್ಟತೈತಿ. ಅದಕ್ಕ ಬಟ್ಟಿ ಇಳಿಸಿದ ನೀರಿಗೆ ಔಷಧ ಬೆರಸಬೇಕು. ಪುಟಾಣಿ ಶೀಶೆ, ಮ್ಯಾಲ ತಲಿಬುರುಡಿ ಚಿತ್ರ, ಹೊಟ್ಟಿಗೆ ಹೋದ್ರ ಜೀವಕ್ಕ ಅಪಾಯ ಅಂತ ಕೆಂಪಕ್ಷರ. ಬೆರಸಾಕ ಸ್ವಚ್ಛ ಪಾತ್ರಿ ಬೇಕಲ್ಲ? ಮನ್ಯಾಗ ಎಲ್ಲಾಕ್ಕಿಂತ ಸ್ವಚ್ಛ ಪಾತ್ರಿ ಯಾವುದು? ಅಜ್ಜಿದು. ಜೋಡಿ ಕೆಟಲ್ಯಾಗ ಒಂದನ್ನ ಹಿಂದಿನ ದಿನ ಸಂಜಿಮುಂದ ಈಕಿ ಕೇಳದಽ ಎತ್ತಿದ್ಲು. ಬೆರಸಿ, ಅರ್ಧ ಮಶೀನಿಗೆ ಹಾಕಿದ್ಲು. ಉಳದದ್ದನ್ನ ಮ್ಯಾಲ ಇಟ್ರ ಹತ್ತಿ ಬೀಳತೈತಿ ಅಂತ ಅರಿವಿ ಕಟ್ಟಿ ಅಡಗಿಮನಿಗೆ ತಂದ್ಲು. ಧೂಳು ಬರದ ಜಾಗಾ ಆ ಮನ್ಯಾಗ ಅದೊಂದಽ.

ಜಪ ಮಾಡಕೋತ ಕುಂತಿದ್ದ ಅಜ್ಜಿ ಕಣ್ಣು ತೆರದು ಕೇಳಿದ್ಲು, "ಏನೈತಿ ಕೂಸಾ ಅದರಾಗ?"

ಭಕ್ತಿಯ ಬಾಯಿ ತಟ್ಟನೆ ಹೇಳಿಬಿಡ್ತು, "ಬರೇ ನೀರಽ ಅಜ್ಜಿ."

ಖರೇ ಹೇಳಿದ್ರ ಆ ಕೆಟಲಿ ಹೊಸ್ತಲಾ ದಾಟತಿತ್ತೇನು? ಪಾಚಿ, ಕ್ರಿಮಿ ಸಾಯಾಕ ಹಾಕೂ ವಿಷ ಅಂದ್ರ ಮುದುಕಿ ಆ ಮನ್ಯಾಗ ಉಣ್ಣೂದಽ ಬಿಡತಿದ್ಲು. ಅಷ್ಟು ದೊಡ್ಡ ರಗಳೆ ಯಾರಿಗೆ ಬೇಕು ಅಂತ ಭಕ್ತಿ ಕೆಟಲಿ ಕಟ್ಟಿಮ್ಯಾಲ ಇಟ್ಟು ಮ್ಯಾಲ ಹೋದ್ಲು. ಕಾಂಚನನೂ ಅದನ್ನ ಕೇಳಿ ಖರೇ ಅಂತ ನಂಬಿದ್ಲು.

ಮರುದಿನ ಒಂಬತ್ತಕ್ಕ ಭಕ್ತಿ ಡಬ್ಬಿ ನೋಡಿದ್ರ ನೀರು ಇಳದಿತ್ತು. ನಳಿಗ್ಯಾಗಿನ ಗಾಳಿ ಹೊರಗ ಬಂದ್ರ ಹಂಗ ಆಗೂದಽ. ಕಿವಿಗೆ ಫೋನು ಆನಿಸಿಕೊಂಡು, ಆ ಕಡೆ ಅಭಿಜಿತಗ ರಸ್ತಾ ಹೇಳಕೋತ, ಅಡಗಿಮನಿಗೆ ಇಳದು ಕೈಗೆ ಸಿಕ್ಕ ಕೆಟಲಿ ಎತ್ತಿಕೊಂಡು ಹೋಗಿ ಸುರುವಿ ಡಬ್ಬಿ ಮುಚ್ಚಿದ್ಲು. ಕಟ್ಟಿಮ್ಯಾಲ ಅರಿವಿ ಕಟ್ಟಿದ ಕೆಟಲಿ ಎರಡಿದ್ವು ಅಂತ ಆಕಿ ನೋಡಲೂ ಇಲ್ಲ.

ಮಶೀನ ಚಾಲೂ ಮಾಡಿದ್ಲು. ವೇಗ ಏರಿಸಿದ್ಲು. ಅರವತ್ತೆರಡು ಡಿಗ್ರಿ. ಆಹಾ! ಒಳಗೊಳಗ ಕುಣದಾಡಿದ್ಲು. ಹತ್ತು ನಿಮಿಷಕ್ಕ ಎಪ್ಪತ್ತೆಂಟು. ಹುಬ್ಬು ಗಂಟಾದ್ವು. ಎಂಬತ್ತೈದು. ಪಂಪು ಗುಂಯ್ ಅಂತಿತ್ತು, ನಳಿಗ್ಯಾಗ ನೀರು ಮಾತ್ರ ಹರೀಲಾರದ ತೆವಳತಿತ್ತು. ತೊಂಬತ್ತಮೂರಕ್ಕ ಹೌಹಾರಿ ಬಂದ್ ಮಾಡಿದ್ಲು. ಬಗ್ಗಿ ನೋಡಿದ್ರ ನಳಿಗ್ಯಾಗ ನೀರು ಹಳದಿ, ಕರೀ ಕರೀ ಪುಡಿ ತೇಲಾಕತ್ತಿತ್ತು.

"ಇದೇನ ಬಂತಪಾ ದೇವಾ?"

ಡಬ್ಬಿ ಮುಚ್ಚಳ ತಗದ್ಲು. ಗಪ್ಪಂತ ಮೂಗಿಗೆ ಲವಂಗದ ವಾಸನಿ ಬಡೀತು. ಒಂದು ಕ್ಷಣ ಸಿಟ್ಟು ನೆತ್ತಿಗೇರಿತು. ಅವ್ವನ ಲವಂಗ ತನ್ನ ಬಿಲ್ಲಿಯ ಸಂದಿಗೆಲ್ಲಾ ಹೊಕ್ಕು ಕುಂತೈತಿ, ಎರಡು ತಿಂಗಳ ಕೆಲಸ ಮಣ್ಣಪಾಲು! "ಅವ್ವಾ" ಅಂತ ಒದರಾಕ ಬಾಯಿ ತೆರದ್ಲು. ತೆರದ ಬಾಯಿ ತೆರದಽ ಉಳೀತು.

ಅಜ್ಜಿ ನೀರು ಇಲ್ಲಿ ಬಂದೈತಿ. ಹಂಗಾದ್ರ ಇಲ್ಲಿಯ ವಿಷದ ನೀರು ಎಲ್ಲೈತಿ?

ಗೋಡಿ ಗಡಿಯಾರದಾಗ ಒಂಬತ್ತೂ ಮೂವತ್ತೆರಡು.

ಕಾಲು ನೆಲಕ್ಕ ತಾಗಿದ್ವೋ ಇಲ್ಲೋ ಆಕಿಗೇ ಗೊತ್ತಿಲ್ಲ. ಪಾವಟಿಗಿ ಮೂರು ಮೂರು ಹಾರಿದ್ಲು. ಕೆಳಗ ಮಗ್ಗದ ಖಟಖಟ ಸಪ್ಪಳ, ಈಕಿ ಚೀರಿದ್ದು ಈಕಿ ಕಿವಿಗೇ ಬೀಳವಲ್ದು. ಅಡಗಿಮನಿ ಬಾಗಲಕ್ಕ ಬಂದು ನೋಡತಾಳ, ಅಜ್ಜಿ ಮಣಿ ಮ್ಯಾಲ ಕುಂತಾಳ, ಮೌನ, ಕಣ್ಣು ಮುಚ್ಯಾವು. ಅವ್ವ ಕಟ್ಟಿಮ್ಯಾಲ ಉಳದಿದ್ದ ಕೆಟಲಿ ಬಗ್ಗಿಸಿ ಲೋಟ ತುಂಬಿಸ್ಯಾಳ. ಲೋಟ ಅಜ್ಜಿ ಕೈಯಾಗ, ತುಟಿಯಿಂದ ನಾಲ್ಕು ಬೆರಳು ದೂರ.

"ಕುಡೀಬ್ಯಾಡಾ ಅಜ್ಜೀ!"

ಓಡಿ ಹೋಗಿ ಅಂಗೈಲೆ ಲೋಟಕ್ಕ ಬಡದ್ಲು. ಲೋಟ ಠಣ್ ಠಣ್ ಅಂತ ಉರಳಿ ಗೋಡಿಗೆ ಬಡೀತು, ನೀರು ನೆಲದ ತುಂಬ ಆತು.

"ಅಗಬಾಯೀ! ಹುಚ್ಚ ಹಿಡದೈತೇನ ನಿನಗ!" ಕಾಂಚನನ ಕೈಯಾಗಿಂದ ಕೆಟಲೀನೂ ಬಿತ್ತು.

"ಕುಡದಾಳೇನು? ಹೇಳವ್ವಾ, ಒಂದ ಗುಟುಕರ ಕುಡದಾಳೇನು?"

"ಎಲ್ಲಿ ಕುಡದ್ಲು? ಈಗಽ ಕೈಗೆ ಕೊಟ್ಟಿದ್ದೆ!"

ಭಕ್ತಿ ಅಲ್ಲೇ ನೆಲಕ್ಕ ಕುಂತ್ಲು. ಉಳದ್ಲು, ಅಜ್ಜಿ ಉಳದ್ಲು ಅಂತ ಅಳೂದೂ ನಗೂದೂ ಒಟ್ಟಿಗೇ ಬಂತು. ಅಷ್ಟರಾಗ ಕಾಂಚನ ಸೆರಗು ಬಾಯಿಗಿಟ್ಟುಕೊಂಡಿದ್ದು ಕಾಣಿಸ್ತು. ಅಜ್ಜಿ ಎರಡೂ ಕೈ ತೊಳಕೊಳ್ಳಾಕತ್ತಿದ್ಲು.

ಅಂತರಾಯ. ಭಕ್ತಿ ವಿಷ ತಪ್ಪಿಸಾಕ ಹೋಗಿ ನೀರಽ ತಪ್ಪಿಸಿದ್ಲು. ಇನ್ನ ನೀರಿಲ್ಲದ ಮೂರನೇ ದಿನ.

ಗದ್ದಲಾ ಕೇಳಿ ಪಾರೀಸ ಮಗ್ಗ ಬಿಟ್ಟು ಓಡಿ ಬಂದ. ಸಂಗತಿ ಕೇಳಿ ತಾಯಿ ಕಾಲು ಹಿಡಕೊಂಡ. "ಅವ್ವಾ, ಹುಡಿಗಿ ತಪ್ಪಿಗೆ ನೀ ಯಾಕ ಸಾಯತಿ? ಒಂದ ಲೋಟ ಕುಡಿ. ಡಾಕ್ಟರ ಏನ ಹೇಳ್ಯಾರ ಮರತಿಯೇನು?"

ಅಜ್ಜಿ ಮಗನ ಕಡೆ ನೋಡಲಿಲ್ಲ. ಭಕ್ತೀನ್ನ ಕೇಳಿದ್ಲು, "ಏನಿತ್ತು ಅದರಾಗ?"

"ಔಷಧ, ಅಜ್ಜಿ. ಪಾಚಿ, ಕ್ರಿಮಿ... ಹುಟ್ಟಬಾರದಂತ. ವಿಷ." ಆ ಮಾತು ಹೊರಗ ಬರೂದ್ರಾಗ ಭಕ್ತಿಗೆ ಸತ್ತು ಹುಟ್ಟಿದಂಗ ಆತು.

ಮುದುಕಿ ಮುಖ ಬಿಳಚಿಕೊಂಡಿತು. ಬಯ್ಯತಾಳ, ಬಡೀತಾಳ ಅಂತ ಭಕ್ತಿ ಕಾದ್ಲು. ಅಜ್ಜಿ ಬೆರಳು ತೋರಿಸಿದ್ದು ನೆಲದ ಕಡೆ. ಗೋಡಿ ಬುಡದಾಗಿನ ಇರಿವಿ ಸಾಲು ಚೆಲ್ಲಿದ ನೀರಿನ ಕಡೆ ಹೊಂಟಿತ್ತು.

"ಮೊದಲ ಅದನ್ನ ಒರಸು," ಅಂದ್ಲು.

ಭಕ್ತಿ ತನ್ನ ಓಢಣಿ ತಗದು ಒರಸಿದ್ಲು. ಇರಿವಿಗಳನ್ನ ಮೆಲ್ಲಕ ಕಾಗದದ ಮ್ಯಾಲ ಹತ್ತಿಸಿಕೊಂಡು ಹೊರಗ ಬಿಟ್ಟು ಬಂದ್ಲು. ಹನ್ನೊಂದಕ್ಕ ಅಭಿಜಿತ ಬಂದ, ಬಾಗಲದಾಗಽ "ಇವತ್ತ ಆಗೂದಿಲ್ರಿ, ಮನ್ಯಾಗ ಅಜ್ಜಿಗೆ ಆರಾಮಿಲ್ಲ" ಅಂದು ಕಳಿಸಿದ್ಲು. ಅವ ಏನ ತಿಳಕೊಂಡನೋ, ಆಕಿಗೆ ಅದರ ಚಿಂತಿನಽ ಇರಲಿಲ್ಲ.

ಆ ದಿನ ಹೆಂಗ ಹೋತು ಅಂತ ಕೇಳಬ್ಯಾಡ್ರಿ. ಮಧ್ಯಾಹ್ನಕ್ಕ ಮುದುಕಿ ನಾಲಗಿ ಒಣಗಿ ಮಾತು ತೊದಲಾತು. ಗಡಹಿಂಗ್ಲಜಕ್ಕ ಫೋನ ಹಚ್ಚಿದ್ರ ಡಾಕ್ಟರು ಸಲೈನ ಹಚ್ಚಬೇಕು ಅಂದ್ರು, ಅಜ್ಜಿ ತಲಿ ಅಲ್ಲಾಡಿಸಿದ್ಲು. ಪಾರೀಸ ಮಗ್ಗ ಎಲ್ಲಾ ಬಂದ್ ಮಾಡಿಸಿದ. ಆ ಮನ್ಯಾಗ ಹಗಲಹೊತ್ತು ಅಂಥಾ ಶಾಂತಿ ಭಕ್ತಿ ಹುಟ್ಟಿದಾಗಿಂದ ಕಂಡಿರಲಿಲ್ಲ, ಅದಽ ಆಕಿಗೆ ಹೆಚ್ಚು ಅಂಜಿಕಿ ತಂತು. ಆಕಿನೂ ನೀರು ಮುಟ್ಟಲಿಲ್ಲ. ಅಜ್ಜಿ ಮಗ್ಗಲಕ್ಕ ಕುಂತು ಅಂಗಾಲು ತಿಕ್ಕಕೋತ, ಉಸಿರು ಎಣಿಸಕೋತ ಇದ್ಲು.

ಬೆಳಗಾತು. ಬಾವಿ ನೀರು ಭಕ್ತಿನಽ ಸೇದಿದ್ಲು. ಸೋಸಿದ್ಲು, ಅರಿವ್ಯಾಗ ಉಳದ ಸಣ್ಣ ಜೀವಗಳು ಸಾಯಬಾರದಂತ ಅವನ್ನ ತಿರಗಿ ಬಾವಿಗೆ ಇಳಿಸಿದ್ಲು, ಕುದಿಸಿದ್ಲು, ಲವಂಗ ಹಾಕಿದ್ಲು. ಹೊಸಾ ತಂಬಿಗಿ ತಗೊಂಡಿದ್ಲು. ಆ ಎರಡೂ ಕೆಟಲಿ ಹಿತ್ತಲದಾಗ ಬೋರಲು ಬಿದ್ದಿದ್ವು.

ಒಂಬತ್ತೂವರಿಗೆ ಪಾರೀಸ, ಕಾಂಚನ ಎರಡೂ ರಟ್ಟಿ ಹಿಡದು ಮುದುಕಿನ್ನ ಮಣಿ ಮ್ಯಾಲ ಕುಂಡ್ರಿಸಿದ್ರು. ಭಕ್ತಿ ಲೋಟ ತುಂಬಿಸಿ ಕೈಗೆ ಕೊಟ್ಲು. ಮಾಣಿಕಬಾಯಿ ಮೂವತ್ತು ವರ್ಷದಾಗ ಆ ಮಣಿ ಮ್ಯಾಲ ಕುಂತು ಯಾರನ್ನೂ ಒಂದ ಮಾತು ಕೇಳಿದಾಕಿ ಅಲ್ಲ, ಕೊಟ್ಟದ್ದನ್ನ ಕಣ್ಣು ಮುಚ್ಚಿ ತಗೊಂಡಾಕಿ. ಅವತ್ತ ಲೋಟ ತುಟಿ ಹತ್ರ ಒಯ್ದು ನಿಲ್ಲಿಸಿದ್ಲು. ಗುಳಿಬಿದ್ದ ಕಣ್ಣು ತೆರದು ಮೊಮ್ಮಗಳನ್ನ ನೋಡಿದ್ಲು.

"ಏನೈತಿ ಕೂಸಾ ಇದರಾಗ?"

ಭಕ್ತಿಗೆ ಆಡಾಕ ಇದ್ದದ್ದು ಮೊನ್ನೆ ಸುಳ್ಳು ಹೇಳಿದ ಅದಽ ಮಾತು, ಬ್ಯಾರೆ ಮಾತು ಎಲ್ಲಿಂದ ತರೂದು?

"ಬರೇ ನೀರಽ ಅಜ್ಜಿ," ಅಂದ್ಲು. ಅನ್ನೂದ್ರಾಗ ಕಣ್ಣಾಗ ನೀರು ಸುರೀತು.

ಅಜ್ಜಿ ಭಾಳ ಹೊತ್ತು ಆಕಿ ಮುಖಾ ನೋಡಿದ್ಲು. ಆಮ್ಯಾಲ ಕಣ್ಣು ಮುಚ್ಚಿ ಕುಡದ್ಲು.